ನೂರ ಒಂದನೆಯ ತಟ್ಟೆ

ಬಹಳ ಹಿಂದೆ, ಊಟಕ್ಕೆ ಕೂತವರ ಯೋಗ್ಯತೆಯನ್ನು ಅವರ ಮುಂದಿಟ್ಟ ತಟ್ಟೆ ನೋಡಿ ಅಳೆಯುತ್ತಿದ್ದ ಕಾಲದಲ್ಲಿ, ತಳಿಗೆಪುರ ಅಂತ ಒಂದು ರಾಜ್ಯವಿತ್ತು. ಅದನ್ನು ಧವಳಸೇನ ಅನ್ನುವ ರಾಜ ಆಳುತ್ತಿದ್ದ. ಆಳುತ್ತಿದ್ದ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಉಣ್ಣುತ್ತಿದ್ದ ಅಂದರೆ ಸರಿಹೋದೀತು. ಬೆಳಗಾದರೆ ಒಂದು ಊಟ, ಬಿಸಿಲೇರಿದರೆ ಒಂದು ಊಟ, ನಡುವೆ ನಾಲಿಗೆ ಸುಮ್ಮನಿರಬಾರದಲ್ಲ ಅಂತ ಇನ್ನೊಂದು.

ಆ ಅರಮನೆಯಲ್ಲಿ ನಾಲ್ಕು ಥರದ ತಟ್ಟೆಗಳಿದ್ದವು. ಒಂದು ಮಣ್ಣಿನದು, ಮೇಲೆ ಬಣ್ಣದ ಮೆರುಗು ಹಚ್ಚಿದ್ದು. ಎರಡನೆಯದು ಕಲ್ಲುಪಿಂಗಾಣಿ, ಕಂದು ಬಣ್ಣದ್ದು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮೂರನೆಯದು ಬಿಳಿಪಿಂಗಾಣಿ. ನಾಲ್ಕನೆಯದು ಮೂಳೆಪಿಂಗಾಣಿ, ಮೂಳೆ ಸುಟ್ಟ ಬೂದಿಯನ್ನು ಬಿಳಿ ಮಣ್ಣಿಗೆ ಬೆರೆಸಿ ಮಾಡುತ್ತಿದ್ದದ್ದು. ನೋಡಲು ಅದೇ ತೀರ ತೆಳುವು, ಆದರೆ ಗಟ್ಟಿಯಲ್ಲಿ ಅದರ ಮುಂದೆ ಉಳಿದವು ಯಾವ ಲೆಕ್ಕವೂ ಅಲ್ಲ. ಅದರಲ್ಲಿ ಉಣ್ಣುವ ರಾಜನಿಗಾಗಲಿ ಅವನ ಮಂತ್ರಿಗಳಿಗಾಗಲಿ ಇದೊಂದೂ ಗೊತ್ತಿರಲಿಲ್ಲ. ಬೆಳ್ಳಗಿದ್ದರೆ ದೊಡ್ಡವರದು, ಕಪ್ಪಗಿದ್ದರೆ ಚಿಕ್ಕವರದು, ಅಷ್ಟೇ ಅವರ ವಿದ್ಯೆ. ವ್ಯತ್ಯಾಸ ಗೊತ್ತಿದ್ದದ್ದು ತೊಳೆಯುವವರಿಗೆ.

ತೊಳೆಯುವವಳು ಮಾಳಕ್ಕ. ಹದಿನೆಂಟು ವರ್ಷದಿಂದ ಅರಮನೆಯ ಹಿತ್ತಿಲಲ್ಲಿ ಕೂತು ಬೂದಿ ಹಾಕಿ ಉಜ್ಜಿದವಳು. ಅವಳು ತೊಳೆದದ್ದನ್ನು ಒರೆಸಿಡುವವಳು ತಂಗಿ ದುಂಡವ್ವ. ತಾಯಿ ಹೋದಾಗ ದುಂಡವ್ವನಿಗೆ ಆರು ವರ್ಷ; ಎತ್ತಿ ಆಡಿಸಿದ್ದು, ತಲೆ ಬಾಚಿದ್ದು ಎಲ್ಲ ಮಾಳಕ್ಕನೇ. ಆ ಹುಡುಗಿ ಒಮ್ಮೆ ಹುಣಸೆ ಮರ ಹತ್ತಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಾಗ ಬಿದಿರು ದಬ್ಬೆ ಕಟ್ಟಿ ನಲವತ್ತು ದಿನ ಕಾದವಳೂ ಇವಳೇ. ಕೈ ಕೂಡಿಕೊಂಡಿತು, ಸ್ವಲ್ಪ ವಾರೆಯಾಗಿ ಕೂಡಿಕೊಂಡಿತು. ಆ ವಾರೆ ಕೈಯಲ್ಲೇ ದುಂಡವ್ವ ದಿನಕ್ಕೆ ಮುನ್ನೂರು ತಟ್ಟೆ ಒರೆಸುತ್ತಿದ್ದಳು.

ಎರಡು ವರ್ಷದ ಹಿಂದೆ ಬೂದಿಗಣ್ಣ ಅನ್ನುವ ಮಾಂತ್ರಿಕನೊಬ್ಬ ಬಂದು ರಾಜನ ಪಕ್ಕದಲ್ಲಿ ಕೂತ. ಅವನ ಕಣ್ಣಿನಲ್ಲಿ ಪಾಪೆ ಇರಲಿಲ್ಲ, ಬರೀ ಬೂದಿ. ಲೋಕದಲ್ಲಿ ಯಾವ ಅರಸನ ಬಳಿಯೂ ಇಲ್ಲದ, ಒಂದೇ ಥರದ ನೂರ ಒಂದು ತಟ್ಟೆಗಳ ಜೋಡಣೆಯನ್ನು ಮಾಡಿಕೊಡುತ್ತೇನೆ, ಏಳು ನಾಡಿನ ಅರಸರನ್ನು ಕರೆದು ಹುಣ್ಣಿಮೆಯ ಮಧ್ಯಾಹ್ನ ಅದರಲ್ಲಿ ಔತಣ ಬಡಿಸು ಅಂದ. ಬದಲಿಗೆ ಒಂದೇ ಒಂದು ಕಾನೂನು ಕೇಳಿದ: ಅರಮನೆಯಲ್ಲಿ ತಟ್ಟೆ ಒಡೆದವರು ತಾವೇ ತಟ್ಟೆಯಾಗಬೇಕು. ಅನ್ನ ಉಣ್ಣುವ ಬಾಯಿಂದ ರಾಜ ಅದಕ್ಕೆ ಹೂಂ ಅಂದ. ಅಲ್ಲ ಸ್ವಾಮಿ, ನಾನು ಕೇಳುತ್ತೇನೆ, ಮನುಷ್ಯರ ಕೈಯಲ್ಲಿ ತಟ್ಟೆ ಒಡೆಯದೆ ಇನ್ನೇನು ಒಡೆಯುತ್ತದೆ? ನೀರು ಹೊರುವವನು ಎಡವಿದ, ತಟ್ಟೆಯಾದ. ಅಡಿಗೆಯವಳ ಕೈ ಬೆವರಿತು, ತಟ್ಟೆಯಾದಳು. ಗುಡಿಸುವವರು, ಸೌದೆ ಒಡೆಯುವವರು, ರುಬ್ಬುವವರು, ಒಬ್ಬೊಬ್ಬರಾಗಿ ಉಗ್ರಾಣ ಸೇರಿದರು. ಕಾನೂನು ಎಲ್ಲರಿಗೂ ಒಂದೇ ಅಂತ ತೋರಿಸಲು ಒಂದಿಷ್ಟು ದೊಡ್ಡವರನ್ನೂ ಮಾಂತ್ರಿಕ ಊದಿಬಿಟ್ಟ. ಊದುವುದು ಅಂದರೆ ಅಂಗೈಯಲ್ಲಿ ಬೂದಿ ಇಟ್ಟು ಉಫ್ ಅನ್ನುವುದು. ಅಷ್ಟಕ್ಕೇ ಎದುರಿನ ಜೀವ ತಟ್ಟೆಯಾಗಿ ನೆಲದ ಮೇಲೆ ಗಿರಗಿರ ತಿರುಗಿ ನಿಲ್ಲುತ್ತಿತ್ತು.

ಹುಣ್ಣಿಮೆಗೆ ಮೂರು ದಿನ ಉಳಿದಾಗ ಜೋಡಣೆಗೆ ಒಂದು ತಟ್ಟೆ ಕಡಿಮೆ ಇತ್ತು. ಅವತ್ತು ಸಾರಿಗೆ ಉಪ್ಪು ಕಮ್ಮಿ ಅಂತ ರಾಜ ತನ್ನ ತಟ್ಟೆಯನ್ನು ಎತ್ತಿ ಕಂಬಕ್ಕೆ ಬೀಸಿದ. ತಾನೇ ಬೀಸಿದ, ತುಂಬಿದ ಪಂಕ್ತಿಯಲ್ಲಿ, ಎಲ್ಲರ ಕಣ್ಣೆದುರು. ದುಂಡವ್ವ ಬಗ್ಗಿ ಚೂರು ಆರಿಸುತ್ತಿದ್ದಳು. ಬೂದಿಗಣ್ಣ ಎದ್ದು ನಿಂತು, ಚೂರು ಯಾರ ಕೈಯಲ್ಲಿದೆಯೋ ಅವರೇ ಒಡೆದವರು ಅಂದ. ರಾಜ ಬಾಯಲ್ಲಿದ್ದ ತುತ್ತು ಅಗಿಯುತ್ತ ಕೂತ. ಪಂಕ್ತಿಯಲ್ಲಿದ್ದ ನೂರು ಜನ ಅನ್ನ ಕಲಸುತ್ತ ತಲೆ ತಗ್ಗಿಸಿದರು. ಮಾಂತ್ರಿಕ ಉಫ್ ಅಂದ. ಹಿತ್ತಿಲಿಂದ ಮಾಳಕ್ಕ ಓಡಿ ಬರುವಷ್ಟರಲ್ಲಿ ನೆಲದ ಮೇಲೆ ಚೆಲ್ಲಿದ ಸಾರು ಮಾತ್ರ ಇತ್ತು.

ಆ ಕಾನೂನಿಗೆ ಒಂದು ಬಾಲ ಇತ್ತು, ನ್ಯಾಯದ ಹೆಸರು ಹೇಳಿಕೊಳ್ಳಲು. ತಟ್ಟೆಯಾದವರ ಕಡೆಯವರು ಉಗ್ರಾಣಕ್ಕೆ ಬಂದು ತಮ್ಮವರನ್ನು ಗುರುತಿಸಿ, ಹೆಸರು ಹಿಡಿದು ಕರೆಯಬಹುದು. ಯಾವುದಾದರೂ ಹೆಸರಿಂದ ಕರೆಯುವವರೆಗೆ ತಟ್ಟೆಯ ದನಿ ಹೊರಗಿನವರಿಗೆ ಕೇಳುವುದಿಲ್ಲ. ಸರಿಯಾಗಿ ಕರೆದರೆ ತಟ್ಟೆ ಮತ್ತೆ ಮನುಷ್ಯನಾಗುತ್ತದೆ. ಮೂರು ಸಲ ತಪ್ಪಿದರೆ ಕರೆದವರೇ ತಟ್ಟೆಯಾಗಬೇಕು. ಮತ್ತೆ, ತಟ್ಟೆಯ ಮೇಲೆ ಒಮ್ಮೆ ಬಿಸಿ ಅನ್ನ ಬಿತ್ತೋ, ಮುಗಿಯಿತು, ಆ ಜೀವ ಎಂದಿಗೂ ತಿರುಗಿ ಬರುವುದಿಲ್ಲ. ಏಳು ಜನ ಹೋಗಿದ್ದರು. ಏಳು ಜನವೂ ಬರಲಿಲ್ಲ.

ಎರಡು ದಿನ ಕಾವಲಿನವರು ಮಾಳಕ್ಕನನ್ನು ಬಾಗಿಲಲ್ಲೇ ತಡೆದರು. ಮೂರನೆಯ ಬೆಳಗ್ಗೆ, ಹುಣ್ಣಿಮೆಯ ದಿನ, ಒಳಗೆ ಬಿಟ್ಟರು. ಮಧ್ಯಾಹ್ನಕ್ಕೆ ಔತಣ. ಒಲೆಗಳ ಮೇಲೆ ಆಗಲೇ ಅನ್ನದ ಎಸರು ಕುದಿಯುತ್ತಿತ್ತು.

ಬೂದಿಗಣ್ಣ ನಗುನಗುತ್ತ ಎದುರು ಬಂದು ಮೊದಲ ಕೋಣೆ ತೋರಿಸಿದ. ನೆಲದಿಂದ ತೊಲೆಯವರೆಗೆ ಬಣ್ಣಬಣ್ಣದ ಮಣ್ಣಿನ ತಟ್ಟೆಗಳು. “ನಿಮ್ಮಂಥವರೆಲ್ಲ ಇಲ್ಲೇ ಇರ್ತಾರಮ್ಮ. ಮಣ್ಣಿನ ಜನ ಮಣ್ಣೇ ಆಗೋದು,” ಅಂದ. ಆ ಕೋಣೆಯ ಆಚೆ ಬಾಗಿಲಲ್ಲಿ ಕರುವಿನಷ್ಟು ದೊಡ್ಡ ಬೆಕ್ಕೊಂದು ಕೂತಿತ್ತು. ಅದು ಮನುಷ್ಯರ ಹಾಗೆ ಮಾತಾಡುತ್ತಿತ್ತು. ಮುಂದಿನ ಕೋಣೆಗೆ ಹೋಗಬೇಕಾದರೆ ನನ್ನ ಪ್ರಶ್ನೆಗೆ ಉತ್ತರ ಹೇಳಬೇಕು, ತಪ್ಪಿದರೆ ತಿನ್ನುತ್ತೇನೆ ಅಂತ ಮೊದಲೇ ಹೇಳಿತು.

ಮಾಳಕ್ಕನಿಗೆ ಮುಂದಿನ ಕೋಣೆ ಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ನೀನು ಮಣ್ಣು ನೀನು ಮಣ್ಣು ಅಂತ ಕೇಳಿ ಕೇಳಿ ಅವಳೂ ಅದನ್ನು ನಂಬಿದ್ದಳು. ಒಂದೊಂದು ತಟ್ಟೆಯನ್ನೂ ಎತ್ತಿ ತಿರುವಿ ನೋಡಿದಳು. ದುಂಡವ್ವನಿಗೆ ಕನಕಾಂಬರ ಅಂದರೆ ಪ್ರಾಣ. ಅಂಚಿಗೆ ಕನಕಾಂಬರ ಬಣ್ಣದ ಹೂವು ಬರೆದ ತಟ್ಟೆಯೊಂದು ಸಿಕ್ಕಿತು. ಇದೇ ಅಂದುಕೊಂಡು ಎದೆಗೆ ಒತ್ತಿಕೊಂಡು “ದುಂಡವ್ವ” ಅಂತ ಕರೆದಳು.

ತಟ್ಟೆ ದಪ್ಪ ದನಿಯಲ್ಲಿ ಬೈಯಿತು. “ಯಾರೇ ನೀನು? ಖಜಾಂಚಿ ಗುಂಡಭಟ್ಟಾರನನ್ನ ದುಂಡವ್ವ ಅಂತೀಯಾ? ಕೈ ತೊಳ್ಕೊಂಡು ಮುಟ್ಟು. ನನಗೆ ತುಪ್ಪ ಬಡಿಸಿ ಎಷ್ಟು ದಿನ ಆಯ್ತು ಗೊತ್ತಾ?”

ಹಿಂದೆ ಬಂದ ಏಳು ಜನಕ್ಕೂ ಇಂಥದೇ ಬೈಗುಳ ಬಿದ್ದಿತ್ತು. ಆದರೆ ಅವರು ಅಯ್ಯೋ ತಪ್ಪಾಯ್ತು ಸ್ವಾಮಿ ಅಂತ ಕೈ ಮುಗಿದು, ನಡುಗುತ್ತ ಪಕ್ಕದ ಮಣ್ಣಿನ ತಟ್ಟೆಗೇ ಕೈ ಹಾಕಿದ್ದರು. ಪಾಪದವರು, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಮಾಳಕ್ಕನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ತಟ್ಟೆಯಾದ ಮೇಲೂ ಇವನಿಗೆ ತುಪ್ಪ ಬೇಕಂತೆ, ತಟ್ಟೆಯಾದ ಮೇಲೂ ನಾನು ಕೈ ತೊಳೆದು ಮುಟ್ಟಬೇಕಂತೆ. ಸಿಟ್ಟಿನಲ್ಲಿ ತಲೆ ಚುರುಕಾಯಿತು. ಖಜಾಂಚಿ ಮಣ್ಣಾಗಿದ್ದಾನೆ ಅಂದರೆ ಮಣ್ಣಿನ ಜನ ಅಂದರೆ ನಾವು ಅಂತ ಹೇಳಿದವರು ಯಾರು? ಬೂದಿಗಣ್ಣನ ಮುಖ ನೋಡಿದಳು. ಅವನ ನಗು ಒಂದು ಚೂರು ಸಡಿಲವಾಗಿತ್ತು.

ನೆಟ್ಟಗೆ ಬೆಕ್ಕಿನ ಮುಂದೆ ಹೋಗಿ ನಿಂತಳು. ಮಣ್ಣಿನ ತಟ್ಟೆಯನ್ನು ಕಣ್ಣು ಮುಚ್ಚಿ ಹೇಗೆ ಗುರುತಿಸುತ್ತೀಯಾ ಅಂತ ಬೆಕ್ಕು ಕೇಳಿತು. ಮಾಳಕ್ಕ ಖಜಾಂಚಿಯನ್ನು ಮಗುಚಿ, ಮೆರುಗು ಹತ್ತದ ಅಡಿಯಂಚಿಗೆ ನಾಲಿಗೆ ತಾಗಿಸಿದಳು. ನಾಲಿಗೆ ಟಪ್ ಅಂತ ಅಂಟಿಕೊಂಡಿತು. ಮಣ್ಣಿನದು ನೀರು ಕುಡಿಯುತ್ತದೆ, ಮೇಲಿನ ಬಣ್ಣ ಎಲ್ಲಿ ಸೀಳಿದರೂ ಅಲ್ಲಿಂದ ಬಡಿಸಿದ್ದನ್ನೆಲ್ಲ ಹೀರುತ್ತದೆ, ನಾಲಿಗೆಯ ಪಸೆಯನ್ನೂ ಬಿಡುವುದಿಲ್ಲ ಅಂದಳು. ಸುತ್ತ ನೋಡಿದಳು. ಕೋಶಾಧಿಕಾರಿಗಳು, ಸುಂಕದವರು, ರಾಜನ ಭಾವಮೈದುನರು, ಎರಡು ವರ್ಷದಿಂದ ಕಾಣೆಯಾದವರೆಲ್ಲ ಬಣ್ಣ ಹಚ್ಚಿಕೊಂಡು ಇಲ್ಲಿ ಸಾಲಾಗಿ ಕೂತಿದ್ದರು. ತನಗಿದ್ದ ಎರಡು ತುತ್ತಿನಲ್ಲಿ ಒಂದನ್ನು ಅಕ್ಕನ ಕಡೆ ಸರಿಸುತ್ತಿದ್ದ ಹುಡುಗಿ ಇಲ್ಲಿ ಹೇಗಿದ್ದಾಳು? ಬೆಕ್ಕು ದಾರಿ ಬಿಟ್ಟಿತು.

ಎರಡನೆಯ ಕೋಣೆಯಲ್ಲಿ ಕಂದು ಬಣ್ಣದ ಕಲ್ಲುಪಿಂಗಾಣಿ. ಬೂದಿಗಣ್ಣ ಹಿಂದೆಯೇ ಬಂದು, ಹೋಗಲಿ ಇಲ್ಲಾದರೂ ಹುಡುಕಮ್ಮ, ನಿನ್ನ ತಂಗಿ ಗಟ್ಟಿಗಿತ್ತಿಯಲ್ಲವೇ ಅಂತ ಬೆಣ್ಣೆ ಹಚ್ಚಿದ. ಬೆಕ್ಕು ಮುಂದಿನ ಬಾಗಿಲಿಗೆ ಹೋಗಿ ಕೂತು, ಇವರು ಯಾರು ಹೇಳು ಅಂದಿತು. ಮಾಳಕ್ಕ ಒಂದನ್ನು ಎತ್ತಿದಳು, ಉಗುರಿನಿಂದ ಬಡಿದಳು. ದಡ್ ಅಂತ ಮೊಂಡು ಸದ್ದು. ಇದು ನೀರು ಕುಡಿಯುವುದಿಲ್ಲ, ಬೆಂಕಿಗೂ ಹೆದರುವುದಿಲ್ಲ, ಆದರೆ ಸೂರ್ಯನಿಗೇ ಹಿಡಿದರೂ ಒಂದು ಎಳೆ ಬೆಳಕನ್ನು ಒಳಗೆ ಬಿಡುವುದಿಲ್ಲ. ಹೇಳಿದಷ್ಟು ಹೊರುತ್ತದೆ, ಕೇಳುವುದಿಲ್ಲ, ನೋಡುವುದಿಲ್ಲ. ಇವರು ಕಾವಲಿನವರು ಅಂತ ಬೆಕ್ಕಿಗೆ ಹೇಳಿದಳು. ದುಂಡವ್ವನನ್ನು ಊದಿದ ದಿನ ಈಟಿ ಹಿಡಿದು ಗೋಡೆ ನೋಡುತ್ತ ನಿಂತವರ ಜಾತಿಯವರು. ಕೋಪದಲ್ಲಿ ಕೈಯಲ್ಲಿದ್ದದ್ದನ್ನು ನೆಲಕ್ಕೆ ಕುಕ್ಕಬೇಕೆನ್ನಿಸಿತು. ಅದೂ ಯಾರದೋ ಮನೆಯ ಗಂಡಸು ಅಂತ ನೆನೆದು ಮೆಲ್ಲಗೆ ಇಟ್ಟಳು. ಬೆಕ್ಕು ಮತ್ತೆ ದಾರಿ ಬಿಟ್ಟಿತು.

ಮೂರನೆಯ ಕೋಣೆಗೆ ಕಾಲಿಟ್ಟರೆ ಎಲ್ಲ ಬಿಳಿ. ಎಡಕ್ಕೆ ಬಿಳಿ, ಬಲಕ್ಕೆ ಬಿಳಿ. ಒಂದೇ ಒಂದು ಕಿಟಕಿ, ಅದಕ್ಕೆ ನೆಲ ಮುಟ್ಟುವ ಕಪ್ಪು ಪರದೆ ಎಳೆದಿದ್ದರು. ಎರಡೇ ಎರಡು ಹಣತೆ ಉರಿಯುತ್ತಿದ್ದವು. ಇಲ್ಲಿ ಬಿಳಿಪಿಂಗಾಣಿಯೂ ಇದೆ, ಮೂಳೆಪಿಂಗಾಣಿಯೂ ಇದೆ, ಬೇರೆ ಮಾಡಿ ತೋರಿಸು ಅಂದಿತು ಬೆಕ್ಕು. ಹೊರಗೆ ಔತಣದ ಮೊದಲ ಕಹಳೆ ಊದಿದರು.

ಮಾಳಕ್ಕನಿಗೆ ಗಾಬರಿಯಾಯಿತು. ಬೆಳಕಿಲ್ಲದೆ ಹೇಗೆ ನೋಡುವುದು? ಸದ್ದಿನಿಂದ ಹುಡುಕಲು ಹೊರಟಳು. ಉಗುರಿನಿಂದ ಬಡಿಯುತ್ತ ಹೋದಂತೆ ಒಂದು ತಟ್ಟೆ ಎಷ್ಟು ಇಂಪಾಗಿ ಕಿಣಿಕಿಣಿ ಅಂತು ಅಂದರೆ ತಂಗಿಯ ನಗುವೇ ಕೇಳಿದಂತಾಯಿತು. ಮುಟ್ಟಿದರೆ ತಣ್ಣಗಿತ್ತು, ಅದನ್ನು ಲೆಕ್ಕಿಸಲಿಲ್ಲ. ದುಂಡವ್ವ ಅಂತ ಕರೆದೇಬಿಟ್ಟಳು.

ತಟ್ಟೆ ಗಂಟಲು ಸರಿಮಾಡಿಕೊಂಡು ಪದ್ಯ ಶುರುಮಾಡಿತು, ಧವಳಸೇನನ ತಟ್ಟೆಯೇ ಚಂದ್ರ, ಅನ್ನವೇ ನಕ್ಷತ್ರ ಅಂತ. ಕೊನೆಗೆ ತನ್ನ ಅಂಕಿತವನ್ನೂ ಸೇರಿಸಿತು, ಆಸ್ಥಾನಕವಿ ಸುಕಂಠರಾಜ ಅಂತ. ಪಂಕ್ತಿಯಲ್ಲಿ ಕೂತು ಎಲ್ಲ ಅನ್ಯಾಯವನ್ನೂ ನೋಡಿ, ಮನೆಗೆ ಹೋಗಿ ಚಂದ್ರನ ಮೇಲೆ ಬರೆದವನು. ಬಿಳಿಪಿಂಗಾಣಿ ಅಂದರೆ ಹಾಗೇ, ಸದ್ದು ಬಹಳ ಇಂಪು, ಮೈ ತಣ್ಣಗೆ. ಎರಡು ಸಲ ತಪ್ಪಿತ್ತು. ಒಂದೇ ಉಳಿದಿತ್ತು. ಎರಡನೆಯ ಕಹಳೆಯೂ ಊದಿತು.

ಅಷ್ಟರಲ್ಲಿ ಹಸಿವು ತಡೆಯಲಾರದೆ ರಾಜನೇ ಬಾಗಿಲಿಗೆ ಬಂದ. ಹಿಂದೆ ಏಳು ನಾಡಿನ ಅರಸರು. ತಟ್ಟೆ ಯಾಕೆ ಇನ್ನೂ ಬಂದಿಲ್ಲ ಅಂತ ಗದರಿದ. ಈ ಹೆಂಗಸಿನದೊಂದು ಆಗಿಬಿಡಲಿ ಮಹಾಪ್ರಭು ಅಂದ ಮಾಂತ್ರಿಕ. ಮಾಳಕ್ಕ ರಾಜನ ಕಡೆ ತಿರುಗಿದಳು. ಹದಿನೆಂಟು ವರ್ಷದಲ್ಲಿ ಅವಳು ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ತಟ್ಟೆ ಒಡೆದಿದ್ದು ನೀನು. ನನ್ನ ತಂಗಿ ನೀನು ಒಡೆದದ್ದನ್ನ ಗುಡಿಸ್ತಿದ್ದಳು. ನಿನಗೆ ಗೊತ್ತು. ಗೊತ್ತಿದ್ದೂ ಬಾಯಲ್ಲಿ ಅನ್ನ ಇಟ್ಕೊಂಡು ಕೂತಿದ್ದೆ.”

ಏಳು ಅರಸರು ಧವಳಸೇನನ ಮುಖ ನೋಡಿದರು. ಅವನು ತನ್ನ ಪಾದ ನೋಡಿಕೊಂಡ. ನಾಚಿಕೆ ಅನ್ನುವುದು ಇದ್ದಿದ್ದರೆ ಆವಾಗಲೇ ಪರದೆ ಸರಿಸಿ ಅನ್ನಬಹುದಿತ್ತು. ಅನ್ನಲಿಲ್ಲ. ಬೆಕ್ಕು ಎದ್ದು ಬೆನ್ನು ಕಮಾನು ಮಾಡಿ, ಉತ್ತರ ಎಲ್ಲಿ ಅಂತ ಮಾಳಕ್ಕನ ಮೇಲೆ ಬಂತು. ಅದರ ಮುಖ ಹಣತೆಯ ಹತ್ತಿರ ಬಂದಾಗ ಅವಳಿಗೆ ಎಡಗಿವಿ ಕಂಡಿತು. ಕಿವಿಯ ತುದಿ ಹರಿದಿತ್ತು. ಆ ಹರಿದ ಕಿವಿಯನ್ನು ಅವಳು ಬಲ್ಲಳು. ಹಿತ್ತಿಲಲ್ಲಿ ದಿನವೂ ಹಾಲಿನ ಪಾತ್ರೆಯ ತಳ ನೆಕ್ಕಲು ಬರುತ್ತಿದ್ದದ್ದು, ಕಳೆದ ವರ್ಷ ಇದ್ದಕ್ಕಿದ್ದಂತೆ ಕಾಣೆಯಾದದ್ದು.

“ಹರಕಿ,” ಅಂದಳು, “ನೀನೇನೇ?”

ತಟ್ಟೆಗೆ ಹತ್ತುವ ಮಂತ್ರವೇ ಬೆಕ್ಕಿಗೂ ಹತ್ತಿತ್ತು. ಸರಿಯಾದ ಹೆಸರು ಬಿದ್ದದ್ದೇ ಕರುವಿನ ಗಾತ್ರ ಇಳಿದು ಮೊರದಷ್ಟಾಯಿತು. ಸಾಧಾರಣ ಅಡಿಗೆಮನೆ ಬೆಕ್ಕು, ಅಷ್ಟು ಜನರನ್ನು ಒಟ್ಟಿಗೆ ನೋಡಿ ಹೆದರಿ, ಬೆಕ್ಕುಗಳು ಏನು ಮಾಡುತ್ತವೋ ಅದನ್ನೇ ಮಾಡಿತು. ಪರದೆ ಹತ್ತಿತು. ಪರದೆ ಕೊಂಡಿಯ ಸಮೇತ ಕಿತ್ತು ಬಿತ್ತು. ಮಧ್ಯಾಹ್ನದ ಬಿಸಿಲು ಕೋಣೆಯೊಳಗೆ ನುಗ್ಗಿತು.

ಮಾಳಕ್ಕ ತಟ್ಟೆ ತಟ್ಟೆಯನ್ನೂ ಬಿಸಿಲಿಗೆ ಹಿಡಿದಳು. ಬಿಳಿಪಿಂಗಾಣಿ ಬೆಳಕಿಗೆ ನೀಲಿ ತಿರುಗಿತು. ಮೂಳೆಪಿಂಗಾಣಿ ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿ, ಹಿಂದೆ ಹಿಡಿದ ಅವಳ ಐದು ಬೆರಳನ್ನೂ ಎಣಿಸುವ ಹಾಗೆ ತೋರಿಸಿತು. ನೀಲಿ ಎಡಕ್ಕೆ, ಕೆನೆ ಬಲಕ್ಕೆ. ಬಲಗಡೆ ಸರಿಯಾಗಿ ನೂರ ಒಂದು ಆಯಿತು. ಆಗ ಅವಳಿಗೆ ಎಲ್ಲ ಅರ್ಥವಾಯಿತು. ಬೂದಿಗಣ್ಣನ ಜೋಡಣೆಗೆ ಮೂಳೆ ಬೇಕಿತ್ತು. ಮೂಳೆ ಸವೆಸಿ ದುಡಿದವರ ಮೂಳೆಯೇ ಆ ಹೊಳಪು, ಆ ಗಟ್ಟಿತನ ಕೊಡುವುದು. ಖಜಾಂಚಿಗಳನ್ನು ಎಷ್ಟು ಊದಿದರೂ ಮಣ್ಣೇ ಆಗುತ್ತಿದ್ದರು. ನೀರು ಹೊತ್ತವರು, ರುಬ್ಬಿದವರು, ಗುಡಿಸಿದವರು ರಾಜ್ಯದ ಅತ್ಯುತ್ತಮ ತಟ್ಟೆಯಾಗಿ ಕೂತಿದ್ದರು, ಅವರ ಮನೆಯವರು ಮಾತ್ರ ಮೊದಲ ಕೋಣೆಯಲ್ಲಿ ಮಣ್ಣು ಕೆದಕುತ್ತ ಸೋತರು. ಎಂಥ ಮೋಸ ನೋಡಿ. ಬದುಕಿರುವಾಗ ಮಣ್ಣು ಅಂತ ಕರೆದು, ತಾವು ಉಣ್ಣುವಾಗ ಮಾತ್ರ ಇವರೇ ಬೇಕು.

ನೂರ ಒಂದು ತಟ್ಟೆಗಳನ್ನೂ ಒಂದೊಂದಾಗಿ ಮತ್ತೆ ಬೆಳಕಿಗೆ ಹಿಡಿದಳು. ಎಂಬತ್ತೇಳನೆಯದರಲ್ಲಿ, ಎಡ ಅಂಚಿನ ಹತ್ತಿರ, ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ನೇರವಾದ ಗೆರೆಯಲ್ಲ, ಸ್ವಲ್ಪ ವಾರೆ.

ಅದು ಬಿರುಕು ಬಿಟ್ಟ ತಟ್ಟೆ, ಎಸೆದುಬಿಡು ಅಂತ ಬೂದಿಗಣ್ಣ ಮುಂದೆ ಬಂದ. ಮಾಳಕ್ಕ ಉಗುರಿನಿಂದ ಬಡಿದಳು. ಬಿರುಕು ಬಿಟ್ಟ ತಟ್ಟೆಯಾದರೆ ಗೊಗ್ಗರು ಸದ್ದು ಬರಬೇಕು. ಹದಿನೆಂಟು ವರ್ಷ ತೊಳೆದವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಇದು ಗಂಟೆಯ ಹಾಗೆ ನಿಚ್ಚಳವಾಗಿ ಮೊಳಗಿತು. ಮುರಿದು, ಕೂಡಿಕೊಂಡ ಮೂಳೆ. ನಲವತ್ತು ದಿನ ಅವಳು ಕಾದು ಕೂಡಿಸಿದ ಮೂಳೆ. ಅವಳಿಗೆ ಅಳು ಉಕ್ಕಿ ಬಂತು, ಅಳುತ್ತಲೇ ಕರೆದಳು.

“ದುಂಡವ್ವಾ. ಏಳೇ, ಮನೆಗೆ ಹೋಗೋಣ.”

ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ದುಂಡವ್ವ ಎದ್ದು ನಿಂತಳು. ಅಕ್ಕನ ಕಣ್ಣನ್ನು ಅದೇ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ತಿರುಗಿ, ಮಾಂತ್ರಿಕನನ್ನು ನೋಡಿ, ಸರಿಯಾಗಿ ಕರೆಯುವುದಕ್ಕೂ ಮೂರೇ ಸಲ ಅಂತ ಇದೆಯೋ ಅಂತ ಕೇಳಿದಳು. ಇರಲಿಲ್ಲ. ಆ ಕಾನೂನು ಬರೆದವನು ತಪ್ಪಿಗೆ ಮಿತಿ ಇಟ್ಟಿದ್ದ. ಬಡವರು ಸರಿ ಹೇಳಿಯಾರು ಅನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ. ದುಂಡವ್ವ ಮೂರು ದಿನ ಆ ಸಾಲಿನಲ್ಲಿ ಕೂತವಳು. ಒಬ್ಬರ ಮೇಲೊಬ್ಬರು ಪೇರಿಸಿಟ್ಟ ಜನ ಮೂರು ದಿನ ಏನು ಮಾಡುತ್ತಾರೆ? ಹೆಸರು ಹೇಳಿಕೊಳ್ಳುತ್ತಾರೆ, ಮನೆ ಮಕ್ಕಳ ಸುದ್ದಿ ಹೇಳಿಕೊಳ್ಳುತ್ತಾರೆ. ಅವಳಿಗೆ ಎಲ್ಲರೂ ಗೊತ್ತಿದ್ದರು.

ಕರೆಯುತ್ತ ಹೋದಳು. ನೀರು ಹೊರುವ ಬೈಲಪ್ಪ ಎದ್ದ. ರುಬ್ಬುವ ತೋಪಮ್ಮ ಎದ್ದಳು. ತಮ್ಮವರನ್ನು ಹುಡುಕಿ ಬಂದು ಸೋತಿದ್ದ ಆ ಏಳು ಜನವೂ ಎದ್ದರು. ಒಬ್ಬೊಬ್ಬರು ಎದ್ದಾಗಲೂ ಬೂದಿಗಣ್ಣ ಒಂದೊಂದು ಬೆರಳಗಲ ಕುಗ್ಗಿದ, ಯಾಕೆಂದರೆ ಅವನ ಶಕ್ತಿಯೆಲ್ಲ ಅವರ ಮೂಳೆಯಿಂದ ಕದ್ದದ್ದು. ನೂರ ಒಂದನೆಯವನು ಎದ್ದು ಮೈ ಮುರಿದಾಗ ಮಾಂತ್ರಿಕ ನಿಂತ ಜಾಗದಲ್ಲಿ ಒಂದು ಹಿಡಿ ಬೂದಿ ಇತ್ತು. ಮಾಳಕ್ಕ ಅದನ್ನು ಗುಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಪಾತ್ರೆ ಉಜ್ಜಲು ಆಯಿತು ಅಂದಳು.

ಕಾವಲಿನವರನ್ನು ಅವರ ಹೆಂಡಂದಿರು ಬಂದು ಕರೆದು ಬಿಡಿಸಿಕೊಂಡರು. ಕವಿಯ ಹೆಸರು, ಖಜಾಂಚಿಯ ಹೆಸರು ಅವರೇ ಸಾರಿಕೊಂಡಿದ್ದರು, ಅವರನ್ನೂ ಬಿಡಿಸಬಹುದಿತ್ತು. ಊಟ ಆಗಲಿ ಅಂದಳು ಮಾಳಕ್ಕ. ಅಷ್ಟು ಹೊತ್ತಿಗೆ ಅವಳ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ.

ಅವತ್ತಿನ ಔತಣದ ಪಂಕ್ತಿಯಲ್ಲಿ ನೂರ ಒಂದು ಜನ ಬಾಳೆ ಎಲೆ ಹಾಸಿಕೊಂಡು ಕೂತರು. ಏಳು ಅರಸರು ಪಂಚೆ ಎತ್ತಿ ಕಟ್ಟಿ ಬಡಿಸಿದರು. ಎಲ್ಲರದೂ ಆದ ಮೇಲೆ ಧವಳಸೇನನಿಗೆ ಕೊಟ್ಟರು. ಎಲೆ ಮುಗಿದಿದ್ದವು, ಹಾಗಾಗಿ ಕನಕಾಂಬರ ಹೂವಿನ ಮಣ್ಣಿನ ತಟ್ಟೆಯಲ್ಲಿ ಬಡಿಸಿದರು. ಮಾಂತ್ರಿಕ ಬೂದಿಯಾದ ಮೇಲೆ ಬಿಸಿ ಅನ್ನದ ಶಾಪಕ್ಕೂ ಹಲ್ಲು ಉದುರಿತ್ತು, ಖಜಾಂಚಿಯ ಜೀವಕ್ಕೇನೂ ಆಗಲಿಲ್ಲ. ಆದರೆ ಅವನ ಮೆರುಗು ಅಲ್ಲಲ್ಲಿ ಸೀಳಿತ್ತು. ರಾಜ ಒಂದು ತುತ್ತು ಕಲಸುವಷ್ಟರಲ್ಲಿ ಅರ್ಧ ಸಾರನ್ನು ತಟ್ಟೆಯೇ ಕುಡಿದುಬಿಟ್ಟಿತು. ಎರಡನೆಯ ಸಲ ಹಾಕಿದ್ದನ್ನೂ ಕುಡಿಯಿತು. ಇಷ್ಟು ವರ್ಷ ತನ್ನ ರಾಜ್ಯದಲ್ಲಿ ಏನು ನಡೆಯುತ್ತಿತ್ತು ಅಂತ ರಾಜನಿಗೆ ಆಗ ಗೊತ್ತಾಯಿತು. ಹಸಿದ ಹೊಟ್ಟೆಯಲ್ಲಿ ಎದ್ದು, ತಟ್ಟೆ ಹಿಡಿದು ಹಿತ್ತಿಲಿಗೆ ನಡೆದ. ಮಾಳಕ್ಕ ಸೆರಗು ಬಿಚ್ಚಿ ಒಂದು ಚಿಟಿಕೆ ಬೂದಿ ಕೊಟ್ಟಳು. ಅವನು ಕುಕ್ಕರಗಾಲಲ್ಲಿ ಕೂತು ತೊಳೆದ.

ಆಮೇಲೆ ಖಜಾಂಚಿ, ಕವಿ, ಉಳಿದ ದೊಡ್ಡವರನ್ನೂ ಹೆಸರು ಹಿಡಿದು ಕರೆದು ಬಿಡಿಸಿ, ಆ ಕಾನೂನನ್ನು ಅವತ್ತೇ ಸುಟ್ಟರು. ಅಕ್ಕತಂಗಿಯರು, ಬೈಲಪ್ಪ, ತೋಪಮ್ಮ, ಹರಕಿ ಬೆಕ್ಕು, ಎಲ್ಲರೂ ತುಂಬು ಕಾಲ ಸುಖವಾಗಿ ಬಾಳಿದರು. ಮುಂದೆ ತಳಿಗೆಪುರದಲ್ಲಿ ರಾಜನೇ ಇರಲಿ, ಕವಿಯೇ ಇರಲಿ, ಅವರವರ ತಟ್ಟೆ ಅವರವರೇ ತೊಳೆಯುವ ಪದ್ಧತಿ ಬಂತು. ಇನ್ನೊಂದು ಪದ್ಧತಿಯೂ ಬಂತು. ಉಣ್ಣುವ ಮೊದಲು ಅಲ್ಲಿನವರು ಖಾಲಿ ತಟ್ಟೆಯನ್ನು ಒಮ್ಮೆ ಬೆಳಕಿಗೆ ಹಿಡಿದು, ಒಳಗೆ ಯಾರಾದರೂ ಇದ್ದೀರಾ ಅಂತ ಕೇಳುತ್ತಾರೆ. ಉತ್ತರ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೇ ಅನ್ನ ಬಡಿಸಿಕೊಳ್ಳುತ್ತಾರೆ.